ಮಾಯನ್ ಹಳ್ಳಿಯ ಮಗು ಮಾತು ಕಲಿಯೋದು ಹೇಗೆ?

ಓದುಗರ ಪ್ರಶ್ನೆ: ಮೆಕ್ಸಿಕೊದ ಮಾಯನ್ ಮೂಲನಿವಾಸಿಗಳ ಹಳ್ಳಿಗಳಲ್ಲಿ ಎಳೆ ಮಕ್ಕಳ ಜೊತೆ ದೊಡ್ಡವರು ಮಾತಾಡೋದೇ ಕಡಿಮೆಯಂತೆ. ಹಾಗಿದ್ರೆ ಆ ಮಕ್ಕಳಿಗೆ ಮಾತು ತಡವಾಗಿ ಬರುತ್ತಾ? ಅಪ್ಪ ಅಮ್ಮ ಮಗುವಿನ ಕಡೆ ಗಮನವನ್ನೇ ಕೊಡಲ್ವಾ?

ಮಾತು ತಡವಾಗೋದಿಲ್ಲ. ಗಮನವಂತೂ ಬೇಕಾದಷ್ಟಿದೆ. ಆದರೆ ಮಗುವಿನ ಜೊತೆ ಮಾತು ಕಡಿಮೆ ಅನ್ನೋದು ನಿಜವೇ.

ದಕ್ಷಿಣ ಮೆಕ್ಸಿಕೊದ ಚಿಯಾಪಾಸ್ ರಾಜ್ಯದಲ್ಲಿ, ಬೆಟ್ಟಗಳ ನಡುವೆ ತೆನೆಹಾಪಾ ಅನ್ನೋ ಪ್ರದೇಶವಿದೆ. ಅಲ್ಲಿಯವರು ತ್ಸೆಲ್ತಾಲ್ ಅನ್ನೋ ಮಾಯನ್ ಭಾಷೆ ಆಡುವ ರೈತರು. ಮೆಕ್ಕೆಜೋಳ, ಬೀನ್ಸ್ ಕಾಳು ಅವರ ಮುಖ್ಯ ಬೆಳೆ. ಪೆನೆಲೊಪಿ ಬ್ರೌನ್ ಅನ್ನೋ ವಿದ್ವಾಂಸೆ 1970ರ ದಶಕದಿಂದಲೂ ಈ ಜನರ ಮಾತುಕತೆಯನ್ನು ಅಧ್ಯಯನ ಮಾಡಿದವರು. ಅವರೂ ಮರೀಸಾ ಕಸಿಯಾಸ್ ಮತ್ತು ಸ್ಟೀಫನ್ ಲೆವಿನ್ಸನ್ ಅವರೂ ಸೇರಿ ಅಲ್ಲಿಯ ಒಂದು ಹಳ್ಳಿಯಲ್ಲಿ ಮೂರು ವರ್ಷದೊಳಗಿನ 10 ಮಕ್ಕಳ ಮೈಮೇಲೆ ಪುಟ್ಟ ರೆಕಾರ್ಡರ್ ಇಟ್ಟು, ಹಗಲಿಡೀ ಅವರ ಕಿವಿಗೆ ಬೀಳೋ ಮಾತನ್ನು ಅಳೆದರು. 2020ರಲ್ಲಿ ಫಲಿತಾಂಶ ಪ್ರಕಟವಾಯಿತು. ಗಂಟೆಗೆ ಸರಾಸರಿ 3.6 ನಿಮಿಷ ಮಾತ್ರ ಯಾರಾದರೂ ನೇರವಾಗಿ ಮಗುವಿನ ಜೊತೆ ಮಾತಾಡಿದ್ದರು. ಇಷ್ಟು ಕಡಿಮೆಯಿದ್ದರೂ ಮಕ್ಕಳ ತೊದಲು, ಮೊದಲ ಪದ, ಪದ ಜೋಡಿಸೋದು ಎಲ್ಲವೂ ಬೇರೆ ಕಡೆಯ ಮಕ್ಕಳ ಹಾಗೇ ಸರಿಯಾದ ವಯಸ್ಸಿಗೇ ಬಂದಿದ್ದವು.

ಇದು ಹೇಗೆ ಸಾಧ್ಯ? ಮಗು ಇರೋ ಜಾಗ ನೋಡಿದರೆ ಅರ್ಧ ಉತ್ತರ ಸಿಗುತ್ತೆ. ಅಲ್ಲಿ ಮದುವೆಯಾದ ಗಂಡುಮಕ್ಕಳು ತಂದೆಯ ಮನೆ ಪಕ್ಕದಲ್ಲೇ ಮನೆ ಕಟ್ಟಿಕೊಳ್ತಾರೆ. ಹಾಗಾಗಿ ಅಜ್ಜಿ, ದೊಡ್ಡಮ್ಮ, ಚಿಕ್ಕಮ್ಮ, ಅವರ ಮಕ್ಕಳು ಎಲ್ಲರೂ ಕೂಗಳತೆಯಲ್ಲೇ. ಎಳೆಗೂಸನ್ನು ಅಮ್ಮ ಶಾಲಿನಲ್ಲಿ ಬೆನ್ನಿಗೆ ಕಟ್ಟಿಕೊಂಡೇ ಕೆಲಸ ಮಾಡ್ತಾಳೆ. ಮಗು ಸ್ವಲ್ಪ ಮಿಸುಕಾಡಿದರೂ ಅವಳಿಗೆ ಗೊತ್ತಾಗುತ್ತೆ, ತಕ್ಷಣ ಹಾಲು ಕೊಡ್ತಾಳೆ. ಇದರಲ್ಲಿ ಮಾತಿಲ್ಲ ನಿಜ. ಹಾಗಂತ ಇದನ್ನು ನಿರ್ಲಕ್ಷ್ಯ ಅನ್ನೋದು ದೊಡ್ಡ ಅನ್ಯಾಯ ಅಂತಲೇ ನನ್ನ ಅನಿಸಿಕೆ.

ಆ ಬೆನ್ನಿನ ಮೇಲಿಂದ ಮಗು ಮನೆಯ ಎಲ್ಲ ಮಾತುಕತೆಯನ್ನೂ ಕೇಳಿಸಿಕೊಳ್ಳುತ್ತೆ. ಅದೇ ಅಧ್ಯಯನದ ಪ್ರಕಾರ, ಬೇರೆಯವರು ತಮ್ಮತಮ್ಮಲ್ಲೇ ಆಡಿದ ಮಾತು ಗಂಟೆಗೆ ಸುಮಾರು 21 ನಿಮಿಷ ಮಗುವಿನ ಕಿವಿಗೆ ಬಿದ್ದಿತ್ತು. ಜೊತೆಗೆ ತ್ಸೆಲ್ತಾಲ್ ಮಾತುಕತೆಗೇ ಒಂದು ಗುಣವಿದೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಸುಮ್ನೆ ಹೂಂಗುಟ್ಟಿ ಬಿಡೋದಿಲ್ಲ, ಅದೇ ಮಾತನ್ನು ತಿರುಗಿ ಹೇಳಿ ಒಪ್ಪಿಕೊಳ್ತಾರೆ. ‘ಹೊಲಕ್ಕೆ ಹೋದನಾ?’ ಅಂದರೆ ‘ಹೋದ’. ‘ಹೋದನಾ!’ ಅಂದರೆ ಮತ್ತೆ ‘ಹೋದ’. ಪಕ್ಕದಲ್ಲಿ ಕೂತ ಮಗುವಿಗೆ ಒಂದೇ ಕ್ರಿಯಾಪದ ಬೇರೆಬೇರೆ ರೂಪದಲ್ಲಿ ಪದೇ ಪದೇ ಕೇಳಿಸುತ್ತೆ. ಅಲ್ಲಿಯ ಮಕ್ಕಳು ಕ್ರಿಯಾಪದಗಳನ್ನು ಬೇಗ ಕಲಿಯೋದಕ್ಕೆ ಇದೂ ನೆರವಾಗಬಹುದು ಅಂತ ಬ್ರೌನ್ ಬರೆದಿದ್ದಾರೆ.

ಮಾತಿನ ಕಲಿಕೆಯಷ್ಟೇ ಅಲ್ಲ, ಕೆಲಸದ ಕಲಿಕೆಯೂ ಹೀಗೇ. ಪಕ್ಕದ ದೇಶ ಗ್ವಾಟೆಮಾಲಾದ ಮಾಯನ್ ಮನೆಗಳ ಬಗ್ಗೆ ಮನಃಶಾಸ್ತ್ರಜ್ಞೆ ಬಾರ್ಬರಾ ರೊಗೊಫ್ ಬರೆದ ಒಂದು ದೃಶ್ಯ ನನಗೆ ತುಂಬಾ ಇಷ್ಟ. ಅಮ್ಮ ರೊಟ್ಟಿ ತಟ್ಟುತ್ತಿದ್ದಾಳೆ. ಸುಣ್ಣದ ನೀರಲ್ಲಿ ಬೇಯಿಸಿ ಅರೆದ ಮೆಕ್ಕೆಜೋಳದ ಹಿಟ್ಟು. ಪುಟ್ಟ ಮಗು ಕೈ ಚಾಚಿದರೆ ಅವಳು ಒಂದು ಉಂಡೆ ಹಿಟ್ಟು ಕೊಡ್ತಾಳೆ. ಮಗು ಅದನ್ನು ತಟ್ಟಿ ತಟ್ಟಿ ಸೊಟ್ಟಪಟ್ಟ ಮಾಡುತ್ತೆ. ಅಮ್ಮ ಅದನ್ನೂ ಹೆಂಚಿನ ಮೇಲೆ ಹಾಕಿ ಬೇಯಿಸ್ತಾಳೆ, ಮನೆಯವರು ತಿಂತಾರೆ. ಮಗುವಿಗೆ ಆಟದ ಹಿಟ್ಟು ಅಂತ ಬೇರೆ ಇಲ್ಲ, ಅದು ಮಾಡಿದ್ದು ಊಟಕ್ಕೇ ಸೇರುತ್ತೆ.

ರೊಗೊಫ್ ಮತ್ತು ಮರೀಸೆಲಾ ಕೊರಿಯಾ-ಚಾವೆಸ್ 2009ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವೂ ಇದೆ. ಅಣ್ಣನಿಗೋ ತಂಗಿಗೋ ಆಟಿಕೆ ಮಾಡೋದನ್ನು ಹೇಳಿಕೊಡುವಾಗ ಇನ್ನೊಂದು ಮಗುವನ್ನು ಪಕ್ಕದಲ್ಲಿ ಕೂರಿಸಿದರು. ಗ್ವಾಟೆಮಾಲಾದ ಮಾಯನ್ ಮಕ್ಕಳು, ಅದರಲ್ಲೂ ಹೆಚ್ಚು ಶಾಲೆ ಓದದ ತಾಯಂದಿರ ಮಕ್ಕಳು, ತಮಗೆ ಹೇಳಿಕೊಡದಿದ್ದರೂ ಕಣ್ಣಿಟ್ಟು ನೋಡಿದರು. ವಾರದ ನಂತರ ಅದೇ ಆಟಿಕೆ ಮಾಡೋಕೆ ಅವರಿಗೆ ಅದೇ ಪ್ರಯೋಗದಲ್ಲಿದ್ದ ಅಮೆರಿಕದ ಮಕ್ಕಳಷ್ಟು ಸಹಾಯ ಬೇಕಾಗಲಿಲ್ಲ.

ಇದನ್ನೆಲ್ಲ ಓದಿ ‘ಹಾಗಾದ್ರೆ ನಾವೂ ಮಗುವಿನ ಜೊತೆ ಮಾತಾಡದಿದ್ದರೂ ನಡೆಯುತ್ತೆ’ ಅಂದುಕೊಳ್ಳಬೇಡಿ. ಆ ಹಳ್ಳಿಯ ಮಗುವಿನ ಸುತ್ತ ದಿನವಿಡೀ ಜನ, ಕೆಲಸ, ಮಾತು ಇರುತ್ತೆ. ಫ್ಲ್ಯಾಟಿನಲ್ಲಿ ಒಬ್ಬರೇ ದೊಡ್ಡವರ ಜೊತೆ, ಒಂದು ಮೊಬೈಲಿನ ಎದುರು ಬೆಳೆಯೋ ಮಗುವಿಗೆ ಅದು ಸಿಗೋದಿಲ್ಲ. ಅಂಥ ಮನೆಯಲ್ಲಿ ನೀವೇ ಮಾತಾಡಬೇಕು. ಎರಡು ವರ್ಷ ತುಂಬಿದರೂ ಮಗು ಎರಡು ಪದ ಜೋಡಿಸದಿದ್ದರೆ, ಕರೆದರೆ ತಿರುಗದಿದ್ದರೆ, ಮಾಯನ್ ಮಕ್ಕಳ ಉದಾಹರಣೆ ಕೊಟ್ಟುಕೊಂಡು ಕಾಯಬೇಡಿ. ಮಕ್ಕಳ ಡಾಕ್ಟರಿಗೆ ತೋರಿಸಿ, ಕಿವಿ ಪರೀಕ್ಷೆ ಮಾಡಿಸಿ.