ಕಾರು ತಗ್ಗಿಸುವ ಮುನ್ನ ಶಾಕ್‌ನ ರಾಡ್ ಅಳೆಯಿರಿ

ಕಾರು ತಗ್ಗಿಸಬೇಕೆನ್ನುವವರು ಮೊದಲು ಕೇಳುವುದು ಎರಡೇ: ಎಷ್ಟು ತಗ್ಗುತ್ತೆ, ಎಷ್ಟಾಗುತ್ತೆ? ಅದಕ್ಕಿಂತ ಮುಂಚೆ ತಿಳಿಯಬೇಕಾದದ್ದು ಇನ್ನೊಂದಿದೆ. ಕಾರು ತಗ್ಗಿದ ಮೇಲೆ ಶಾಕ್ ಅಬ್ಸಾರ್ಬರಿನ ರಾಡ್ ಒಳಗೆ ಇಳಿಯಲು ಎಷ್ಟು ಜಾಗ ಉಳಿಯುತ್ತದೆ? ಕಾರು ತಗ್ಗಿಸುವ ಲೋವರಿಂಗ್ ಸ್ಪ್ರಿಂಗ್ ಸಾಕೇ, ಎತ್ತರ ಬದಲಿಸಬಹುದಾದ ಶಾಕ್ ಮತ್ತು ಸ್ಪ್ರಿಂಗಿನ ಸೆಟ್ಟಾದ ಕಾಯಿಲೋವರ್ ಬೇಕೇ ಎಂಬುದನ್ನು ತೀರ್ಮಾನಿಸುವುದು ಆ ಜಾಗ.

ಫೋಕ್ಸ್‌ವ್ಯಾಗನ್ ಪೋಲೊ ಇಟ್ಟುಕೊಂಡು ಲೆಕ್ಕ ಹಾಕೋಣ. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಶಾಕ್ ಮತ್ತು ಸ್ಪ್ರಿಂಗ್ ಒಂದೇ ಜೋಡಣೆ. ಹಿಂದೆ ಟಾರ್ಶನ್ ಬೀಮ್, ಅಂದರೆ ಎರಡು ಚಕ್ರಗಳನ್ನು ಸೇರಿಸುವ ತೊಲೆ. ಅಲ್ಲಿ ಸ್ಪ್ರಿಂಗ್ ಬೇರೆ, ಶಾಕ್ ಬೇರೆ. ಮುಂದಿನ ಒಂದು ಮೂಲೆಯ ಮೇಲೆ 300 ಕೆಜಿ ಭಾರವಿದೆ, ಸ್ಪ್ರಿಂಗಿನ ಬಿಗಿ ಪ್ರತಿ ಮಿಲಿಮೀಟರಿಗೆ 2.2 ಕೆಜಿ, ಬಂಪ್ ಸ್ಟಾಪ್ (ಶಾಕ್ ಪೂರ್ತಿ ಒಳಗಿಳಿಯದಂತೆ ತಡೆಯುವ ಫೋಮ್ ತುಂಡು) ಮುಟ್ಟಲು 70 ಮಿಮೀ ಜಾಗವಿದೆ ಎಂದು ಹಿಡಿಯಿರಿ. ಈಗ 35 ಮಿಮೀ ತಗ್ಗಿಸುವ, ಶೇ 30ರಷ್ಟು ಬಿಗಿ ಹೆಚ್ಚಿರುವ ಸ್ಪ್ರಿಂಗನ್ನು ಹಳೆಯ ಶಾಕ್‌ ಮೇಲೆಯೇ ಹಾಕಿದರೆ ಜಾಗ ಅರ್ಧವಾಗುತ್ತದೆ. ಆದರೆ ಹೊಡೆತ ತಡೆಯುವ ಶಕ್ತಿ ಅರ್ಧಕ್ಕೆ ನಿಲ್ಲುವುದಿಲ್ಲ. ಸ್ಪ್ರಿಂಗ್ ನುಂಗುವ ಶಕ್ತಿ ದೂರದ ವರ್ಗಕ್ಕೆ (ಸ್ಕ್ವೇರ್) ತಕ್ಕಂತೆ ಬದಲಾಗುವುದರಿಂದ, ಬಿಗಿ ಹೆಚ್ಚಿದ್ದರೂ ಅದು ಸುಮಾರು ಮೂರನೇ ಒಂದಕ್ಕೆ ಇಳಿಯುತ್ತದೆ. ಮೊದಲು ಸ್ಪ್ರಿಂಗೇ ತಡೆದುಕೊಳ್ಳುತ್ತಿದ್ದ ಗುಂಡಿ ಈಗ ನೇರವಾಗಿ ಬಂಪ್ ಸ್ಟಾಪ್‌ಗೆ ಹೊಡೆಯುತ್ತದೆ. ಕೆಲವೇ ತಿಂಗಳಲ್ಲಿ ಅದರ ಫೋಮ್ ಅಂಚು ಹರಿದು ಉದುರುತ್ತದೆ, ರಾಡ್‌ನ ಸುತ್ತ ಎಣ್ಣೆಯ ಪಸೆ ಕಾಣುತ್ತದೆ, ಆಮೇಲೆ ಟಕ್ ಟಕ್ ಸದ್ದು. ಸ್ಪ್ರಿಂಗ್ ಸರಿಯಿಲ್ಲ ಎಂದು ದೂರುತ್ತಾರೆ, ಸತ್ತಿರುವುದು ಶಾಕ್.

ಜಾಗ ನಿಮ್ಮ ಕಾರಿನಲ್ಲಿ ಎಷ್ಟಿದೆ ಎಂದು ತಿಳಿಯಲು ಡಸ್ಟ್ ಕವರ್ ಮೇಲಕ್ಕೆ ಸರಿಸಿ, ರಾಡ್‌ಗೆ ಸಣ್ಣ ಪ್ಲಾಸ್ಟಿಕ್ ಕೇಬಲ್ ಟೈ ಕಟ್ಟಿ ಶಾಕ್‌ನ ಕತ್ತಿನವರೆಗೆ ತಳ್ಳಿ. ನಿತ್ಯದ ದಾರಿಯಲ್ಲಿ, ನಿತ್ಯದಷ್ಟೇ ಜನರನ್ನು ಕೂರಿಸಿಕೊಂಡು ಓಡಿಸಿ. ಶಾಕ್ ಒಳಗಿಳಿದಷ್ಟೂ ಟೈ ಮೇಲಕ್ಕೆ ಸರಿದಿರುತ್ತದೆ. ಅದು ಈಗಾಗಲೇ ಬಂಪ್ ಸ್ಟಾಪ್ ಇರುವ ಎತ್ತರ ತಲುಪಿದ್ದರೆ, ಈ ಶಾಕ್ ಉಳಿಸಿಕೊಂಡು 35 ಮಿಮೀ ತಗ್ಗಿಸುವ ಆಸೆ ಬಿಡಿ.

ದಾರಿ ಇದೆ. ತಗ್ಗಿದ ಸ್ಪ್ರಿಂಗಿಗೆಂದೇ ಮಾಡಿದ, ಉದ್ದ ಕಡಿಮೆಯಿರುವ ಶಾಕ್‌ಗಳು ಸಿಗುತ್ತವೆ. ಬಿಲ್‌ಸ್ಟೈನ್ ಬಿ8 ಅಂಥದ್ದು. ಅದೇ ಕಂಪನಿಯ ಬಿ6 ಮೂಲ ಎತ್ತರಕ್ಕೆ. ಈ ವ್ಯತ್ಯಾಸ ನೋಡದೆ ತರಿಸಿದರೆ ಹಣ ದಂಡ. 25ರಿಂದ 30 ಮಿಮೀ ತಗ್ಗಿಸುವ ಸ್ಪ್ರಿಂಗ್, ಜೊತೆಗೆ ಬಿ8ನಂಥ ಶಾಕ್, ಅದರ ತಲೆಯನ್ನು ಬಾಡಿಗೆ ಕೂರಿಸುವ ಹೊಸ ಟಾಪ್ ಮೌಂಟ್ ಮತ್ತು ಬೇರಿಂಗ್: ಸಂಸಾರದ ಕಾರಿಗೆ ಇದಕ್ಕಿಂತ ಒಳ್ಳೆಯ ಜೋಡಿ ಇಲ್ಲ. ಸ್ಪ್ರಿಂಗ್ ಕತ್ತರಿಸುವುದು, ಕಾಯಿಸಿ ಕೂರಿಸುವುದು ಬೇಡವೇ ಬೇಡ. ಕತ್ತರಿಸಿದ ತುದಿ ತನ್ನ ತಟ್ಟೆಯಲ್ಲಿ ಸರಿಯಾಗಿ ಕೂರುವುದಿಲ್ಲ, ಕಾಯಿಸಿದ ಉಕ್ಕು ಹದ ಕಳೆದುಕೊಳ್ಳುತ್ತದೆ.

ಕಾಯಿಲೋವರ್ ಎಂಬ ಒಂದೇ ಹೆಸರಿನಲ್ಲಿ ಎರಡು ಬಗೆಯ ಸಾಮಾನು ಮಾರಾಟವಾಗುತ್ತದೆ. ಒಂದರಲ್ಲಿ ಸ್ಪ್ರಿಂಗ್ ಕೂರುವ ತಟ್ಟೆಯನ್ನು ಶಾಕ್‌ನ ಮೈಮೇಲಿನ ಮರೆಯ (ಥ್ರೆಡ್) ಮೇಲೆ ತಿರುಗಿಸಿ ಎತ್ತರ ಬದಲಿಸುತ್ತೇವೆ. ಕೆಡಬ್ಲ್ಯೂ ಕಂಪನಿಯ ವೇರಿಯಂಟ್ ಸಾಲಿನವು ಹೀಗಿವೆ. ಇದರಲ್ಲಿ ತಗ್ಗಿಸಿದಷ್ಟೂ ಶಾಕ್‌ನ ಜಾಗ ಕಡಿಮೆಯಾಗುತ್ತದೆ, ಹಾಗಾಗಿ ತಯಾರಕರು ಹೇಳಿದ ಕೆಳಗಿನ ಮಿತಿ ದಾಟುವಂತಿಲ್ಲ. ಇನ್ನೊಂದರಲ್ಲಿ ಕೆಳಗಿನ ಬ್ರ್ಯಾಕೆಟ್ಟೇ ಮೇಲೆ ಕೆಳಗೆ ಸರಿಯುತ್ತದೆ. ಬಿಸಿ ರೇಸಿಂಗ್‌ನ ಬಿಆರ್ ಈ ಬಗೆ. ಎತ್ತರ ಬದಲಾದರೂ ಶಾಕ್‌ನ ಜಾಗ ಹಾಗೇ ಇರುತ್ತದೆ, ಆದರೆ ಟೈರು ಒಳಗಿನ ಫೆಂಡರ್ ಲೈನರಿಗೆ ತಾಗುತ್ತದೆಯೇ ಎಂದು ನೋಡಲೇಬೇಕು. ಪೋಲೊದ ಹಿಂಬದಿಗೆ ಎರಡರಲ್ಲೂ ಸ್ಪ್ರಿಂಗ್ ಬೇರೆಯೇ ಕೂರುತ್ತದೆ.

ಬಿಗಿಯ ಬೆಲೆಯನ್ನೂ ತಿಳಿಯಿರಿ. ಅದೇ 300 ಕೆಜಿಗೆ 2.2ರ ಸ್ಪ್ರಿಂಗ್ ಸೆಕೆಂಡಿಗೆ ಸುಮಾರು 1.35 ಸಲ ಮೇಲೆ ಕೆಳಗೆ ತೂಗುತ್ತದೆ. ಶೇ 30 ಬಿಗಿ ಹೆಚ್ಚಾದರೆ ಸುಮಾರು 1.5 ಸಲ, ಮಿಲಿಮೀಟರಿಗೆ 5 ಕೆಜಿ ಬಿಗಿಯ ಕಾಯಿಲೋವರ್ ಸ್ಪ್ರಿಂಗಿನಲ್ಲಿ 2 ಸಲ. ಟ್ರ್ಯಾಕ್ ಮೇಲೆ ಕಾರು ಹಿಡಿತದಲ್ಲಿರಲು ಇದು ಬೇಕು. ಹಿಂದೆ ಕೂತ ಅಪ್ಪ ಅಮ್ಮನ ಸೊಂಟಕ್ಕೆ ಬೇಡ. ಕಾಯಿಲೋವರಿನ ಕ್ಲಿಕ್ ಗುಬಟು ತಿರುಗಿಸಿ ಮೆದು ಮಾಡಿದರೆ ಸರಿಹೋಗುತ್ತದೆ ಎಂದು ಹಲವರು ನಂಬಿದ್ದಾರೆ. ಆ ಗುಬಟು ಬದಲಿಸುವುದು ಶಾಕ್‌ನ ತಡೆಯನ್ನು ಮಾತ್ರ, ಸ್ಪ್ರಿಂಗಿನ ಬಿಗಿಯನ್ನಲ್ಲ. ಬಿಗಿ ಸ್ಪ್ರಿಂಗಿಗೆ ತಡೆ ಕಡಿಮೆ ಮಾಡಿದರೆ ಕಾರು ಪುಟಿಯುತ್ತದೆ, ಅಷ್ಟೇ.

ಇನ್ನು ಹಂಪು. ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾನದಂಡದ ದುಂಡು ಹಂಪು 10 ಸೆಂಮೀ ಎತ್ತರ, ಕಾರು ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ. ಪೋಲೊದ ಎರಡು ಆಕ್ಸಲ್‌ಗಳ ನಡುವಿನ ಅಂತರ ಸುಮಾರು 2.46 ಮೀಟರ್. ಹಾಗಾಗಿ ಅಂಥ ಹಂಪಿನ ನೆತ್ತಿಯಲ್ಲೂ ನಡುಹೊಟ್ಟೆಯ ಕೆಳಗೆ ಕಡಿಮೆಯಾಗುವುದು 45 ಮಿಮೀ ಮಾತ್ರ. ತಗ್ಗಿದ ಕಾರಿಗೂ ಅದು ತೊಂದರೆಯಲ್ಲ. ತೊಂದರೆ ಕೊಡುವುದು ಬಡಾವಣೆಯವರೇ ಕಟ್ಟಿಕೊಂಡ ಅರ್ಧ ಮೀಟರ್ ಅಗಲದ ದಿಬ್ಬ. ಅದು ತನ್ನ ಪೂರ್ತಿ ಎತ್ತರವನ್ನು ಹೊಟ್ಟೆಗೆ ಒಡ್ಡುತ್ತದೆ. ನಿಮ್ಮ ಬೀದಿಯ ಅತಿ ಕೆಟ್ಟ ದಿಬ್ಬವನ್ನು ಟೇಪು ಹಿಡಿದು ಅಳೆಯಿರಿ, ಐದು ಜನ ಕೂತ ಕಾರಿನ ಕೆಳಭಾಗವನ್ನೂ ಅಳೆಯಿರಿ. ಎಷ್ಟು ತಗ್ಗಿಸಬಹುದು ಎಂಬುದು ಅಲ್ಲೇ ಗೊತ್ತಾಗುತ್ತದೆ.

ಜೋಡಣೆಯಲ್ಲಿ ಹೆಚ್ಚು ಕೆಡುವುದು ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋವರ್ ಆರ್ಮ್‌ನ ರಬ್ಬರ್ ಬುಷ್. ಕಾರು ಲಿಫ್ಟ್ ಮೇಲೆ ಚಕ್ರ ಜೋತುಬಿದ್ದಿರುವಾಗಲೇ ಅದರ ಬೋಲ್ಟ್ ಪೂರ್ತಿ ಬಿಗಿದರೆ, ಕೆಳಗಿಳಿಸಿದ ಕೂಡಲೇ ರಬ್ಬರ್ ತಿರುಚಿಕೊಳ್ಳುತ್ತದೆ. ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಕೈಬಿಗಿ ಮಾಡಿ, ಚಕ್ರದ ಮೇಲೆ ಭಾರ ಬಂದಮೇಲೆ ಟಾರ್ಕ್ ರೆಂಚ್ ಹಾಕಿ. ಟಾಪ್ ನಟ್‌ಗೆ ಇಂಪ್ಯಾಕ್ಟ್ ಗನ್ ಹಿಡಿಯಲು ಬಿಡಬೇಡಿ, ರಾಡ್ ಗಿರ್ರನೆ ತಿರುಗಿ ಸೀಲ್ ಹಾಳಾಗುತ್ತದೆ. ತಯಾರಕರು ಒಮ್ಮೆ ಮಾತ್ರ ಬಳಸಿ ಎಂದಿರುವ ಬೋಲ್ಟ್‌ಗಳನ್ನು ಹೊಸದೇ ಹಾಕಿ. ತಗ್ಗಿದಾಗ ಮುಂದಿನ ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ, ಬದಲಾಗುತ್ತದೆ. ಅಲೈನ್‌ಮೆಂಟ್ ಮಾಡಿಸದಿದ್ದರೆ ಟೈರಿನ ಒಳ ಅಂಚು ಬೋಳಾಗುತ್ತದೆ. 300–500 ಕಿಮೀ ಓಡಿ ಸ್ಪ್ರಿಂಗ್ ಕೂತಮೇಲೆ ಮತ್ತೊಮ್ಮೆ ಮಾಡಿಸಿ, ಹೆಡ್‌ಲೈಟಿನ ಎತ್ತರವನ್ನೂ ಸರಿಪಡಿಸಿ.

ಕಾಯಿಲೋವರ್ ಹಾಕಿದವರು ಜ್ಯಾಕ್ ಏರಿಸಿ, ಚಕ್ರ ಜೋತಿರುವಾಗ ಸ್ಪ್ರಿಂಗನ್ನು ಕೈಯಲ್ಲಿ ತಿರುಗಿಸಿ ನೋಡಬೇಕು. ಸಲೀಸಾಗಿ ತಿರುಗಿದರೆ ಅದು ಸಡಿಲ; ಆ ಸಡಿಲ ತುಂಬುವ ಸಣ್ಣ ಹೆಲ್ಪರ್ ಸ್ಪ್ರಿಂಗ್ ಬೇಕು, ಇಲ್ಲವೇ ತಟ್ಟೆ ಮೇಲೇರಬೇಕು. ಮಳೆಗಾಲದ ಕೆಂಪು ಕೆಸರು ಮರೆಯಲ್ಲಿ ಒಣಗಿ ಕಲ್ಲಾದರೆ ಸಿ ಸ್ಪ್ಯಾನರ್ ಹಾಕಿ ಜಗ್ಗಿದರೂ ಲಾಕ್ ರಿಂಗ್ ಕದಲುವುದಿಲ್ಲ. ನೈಲಾನ್ ಬ್ರಷ್ ಮತ್ತು ಸೋಪಿನ ನೀರಿನಲ್ಲಿ ತೊಳೆದು, ಒಣಗಿಸಿ, ಒಣ ಪದರದ ಲೂಬ್ರಿಕೆಂಟ್ ಸ್ಪ್ರೇ ಹೊಡೆಯಿರಿ. ಗ್ರೀಸ್ ಬೇಡ, ಮರಳು ಹಿಡಿಯುತ್ತದೆ.

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನದ ಮಾರ್ಪಾಡನ್ನು ನಿರ್ಬಂಧಿಸುತ್ತದೆ. ಆರ್‌ಟಿಒ ಮತ್ತು ವಿಮಾ ಕಂಪನಿಯ ಮಾತು ಕೆಲಸಕ್ಕೆ ಮುಂಚೆ ಬರಹದಲ್ಲಿ ಪಡೆಯಿರಿ, ಅಪಘಾತದ ನಂತರವಲ್ಲ.

ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ರೇಸ್ ಟ್ರ್ಯಾಕಿಗೆ ಕಾರು ಒಯ್ಯುವವರು, ಎತ್ತರ ಬದಲಿಸಿದಾಗಲೆಲ್ಲ ಅಲೈನ್‌ಮೆಂಟಿಗೆ ಹೋಗುವ ತಾಳ್ಮೆ ಇರುವವರು ಕಾಯಿಲೋವರ್ ಕೊಳ್ಳಲಿ. ಒಂದೇ ಎತ್ತರಕ್ಕೆ ಇಟ್ಟು ಮರೆತುಬಿಡುವವರಿಗೆ ಸ್ಪ್ರಿಂಗ್ ಮತ್ತು ಗಿಡ್ಡ ಶಾಕ್ ಸಾಕು. ಅಗ್ಗದ ಕಾಯಿಲೋವರಿನ ಬೆಲೆಗೆ ಒಳ್ಳೆಯ ಸ್ಪ್ರಿಂಗ್, ಶಾಕ್ ಜೋಡಿ ಬರುವುದಾದರೆ ಎರಡನೆಯದನ್ನೇ ಆರಿಸಿ. ಕಾಯಿಲೋವರೇ ಬೇಕೆಂದರೆ ಅದರ ಸೀಲ್, ಟಾಪ್ ಮೌಂಟ್ ಬಿಡಿಯಾಗಿ ಇಲ್ಲೇ ಸಿಗುತ್ತವೆಯೇ, ಸೋರಿದರೆ ಬಿಚ್ಚಿ ರಿಪೇರಿ ಮಾಡುವವರು ಯಾರು ಎಂದು ದುಡ್ಡು ಕೊಡುವ ಮುಂಚೆ ಕೇಳಿ.