ಸಾವಿರ ಸಹಿಗಳ ಪಟ್ಟಿಯಿಂದ ಏನು ತಿಳಿಯುತ್ತದೆ?

ಪ್ರಶ್ನೆ: ವಿಕಾಸವಾದವನ್ನು ಒಪ್ಪದ ಸಾವಿರಕ್ಕೂ ಹೆಚ್ಚು ವಿಜ್ಞಾನಿಗಳು ಸಹಿ ಹಾಕಿರುವ ಪಟ್ಟಿಯೊಂದು ಅಮೆರಿಕದಲ್ಲಿದೆ ಎಂದು ಕೇಳಿದ್ದೇನೆ. ಭೂಮಿ ಸೃಷ್ಟಿಯಾಗಿ ಆರರಿಂದ ಹತ್ತು ಸಾವಿರ ವರ್ಷಗಳಷ್ಟೇ ಆಗಿವೆ ಎನ್ನುವ ಪಿಎಚ್‌.ಡಿ. ಪದವೀಧರರೂ ಅಲ್ಲಿದ್ದಾರಂತೆ. ಹಾಗಿದ್ದರೆ ವಿಜ್ಞಾನಿಗಳಲ್ಲೇ ಒಡಕಿದೆ ಎಂದಾಗುವುದಿಲ್ಲವೇ? ಎರಡನ್ನೂ ಶಾಲೆಯಲ್ಲಿ ಕಲಿಸಿದರೆ ತಪ್ಪೇನು?

ಉತ್ತರ: ಪಟ್ಟಿ ಇರುವುದು ನಿಜ. ಸಿಯಾಟಲ್‌ನ ಡಿಸ್ಕವರಿ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆ 2001ರಲ್ಲಿ ಅದನ್ನು ಆರಂಭಿಸಿತು. 2019ರ ಹೊತ್ತಿಗೆ ಸಹಿಗಳ ಸಂಖ್ಯೆ ಸಾವಿರ ದಾಟಿತ್ತು. ಆದರೆ ಅವರೆಲ್ಲ ಯಾವ ಮಾತಿಗೆ ಸಹಿ ಹಾಕಿದ್ದಾರೆ ಎಂಬುದನ್ನು ಓದಿ ನೋಡಬೇಕು. ಆಕಸ್ಮಿಕ ಉತ್ಪರಿವರ್ತನೆ (ಜೀನುಗಳಲ್ಲಿ ತಾನಾಗಿ ಆಗುವ ಬದಲಾವಣೆ) ಮತ್ತು ನಿಸರ್ಗದ ಆಯ್ಕೆಯಿಂದ ಜೀವಲೋಕದ ಸಂಕೀರ್ಣತೆಯನ್ನು ವಿವರಿಸಬಹುದು ಎಂಬ ವಾದದ ಬಗ್ಗೆ ತಮಗೆ ಸಂದೇಹವಿದೆ, ಸಾಕ್ಷ್ಯಗಳ ಎಚ್ಚರದ ಪರಿಶೀಲನೆಗೆ ಪ್ರೋತ್ಸಾಹ ಸಿಗಬೇಕು ಎಂಬಷ್ಟೇ ಅದರ ಸಾರ. ಭೂಮಿಯ ವಯಸ್ಸಿನ ಪ್ರಸ್ತಾಪವೇ ಅದರಲ್ಲಿಲ್ಲ. ಜೀವಿಗಳು ಸಮಾನ ಪೂರ್ವಜರಿಂದ ಕವಲೊಡೆದು ಬಂದಿಲ್ಲ ಎಂಬ ಮಾತೂ ಇಲ್ಲ. ಸಹಿ ಹಾಕಿದವರಲ್ಲಿ ಎಂಜಿನಿಯರುಗಳು, ರಸಾಯನಶಾಸ್ತ್ರಜ್ಞರು, ಗಣಿತಜ್ಞರು, ವೈದ್ಯರು ಬಹಳ ಮಂದಿ ಇದ್ದಾರೆ. ಜೀವಜಗತ್ತನ್ನು ಬುದ್ಧಿವಂತ ವಿನ್ಯಾಸಕನೊಬ್ಬ ರೂಪಿಸಿದ್ದಾನೆ ಎನ್ನುವ ಆ ಸಂಸ್ಥೆಯ ಚಳವಳಿಯ ಅತಿ ಪರಿಚಿತ ಜೀವರಸಾಯನ ವಿಜ್ಞಾನಿ ಮೈಕೆಲ್ ಬೀಹಿ ಅವರಂತೂ ಭೂಮಿ ಬಹು ಪುರಾತನವಾದದ್ದು ಎಂಬುದನ್ನೂ ಜೀವಿಗಳ ಸಮಾನ ಪೂರ್ವಜರನ್ನೂ ಒಪ್ಪುತ್ತಾರೆ. ಹೀಗಾಗಿ ಈ ಪಟ್ಟಿಯನ್ನು, ದೇವರು ಭೂಮಿಯನ್ನು ಕೆಲವು ಸಾವಿರ ವರ್ಷಗಳ ಹಿಂದಷ್ಟೇ ಸೃಷ್ಟಿಸಿದ ಎನ್ನುವ ಎಳೆಯ ಭೂಮಿಯ ಸೃಷ್ಟಿವಾದಕ್ಕೆ ಆಧಾರವಾಗಿ ತೋರಿಸುವುದು ಸರಿಯಲ್ಲ.

ಇದಕ್ಕೆ ಉತ್ತರವಾಗಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಶಿಕ್ಷಣ ಕೇಂದ್ರ 2003ರಲ್ಲಿ ಇನ್ನೊಂದು ಪಟ್ಟಿ ಮಾಡಿತು. ವಿಕಾಸವಾದವನ್ನು ಸಮರ್ಥಿಸುವ ವಿಜ್ಞಾನಿಗಳ ಪೈಕಿ ಸ್ಟೀವ್ ಅಥವಾ ಅದಕ್ಕೆ ಸಮೀಪದ ಹೆಸರುಳ್ಳವರು ಮಾತ್ರ ಅದಕ್ಕೆ ಸಹಿ ಹಾಕಬಹುದಿತ್ತು. ಅಂಥ ಹೆಸರಿನವರು ಅಮೆರಿಕದ ಜನಸಂಖ್ಯೆಯಲ್ಲಿ ಸುಮಾರು ಶೇ 1ರಷ್ಟು. ಆದರೂ ಅವರ ಸಹಿಗಳೇ 1,400 ದಾಟಿದವು. ಆ ಹೆಸರನ್ನು ಆರಿಸಿಕೊಂಡದ್ದು 2002ರಲ್ಲಿ ತೀರಿಕೊಂಡ ಪಳೆಯುಳಿಕೆ ವಿಜ್ಞಾನಿ ಸ್ಟೀಫನ್ ಜೇ ಗೂಲ್ಡ್ ಅವರ ಗೌರವಾರ್ಥ. ಸಹಿಗಳ ಸಂಖ್ಯೆಯಿಂದ ಸತ್ಯ ನಿರ್ಧಾರವಾಗುವುದಿಲ್ಲ ಎಂಬುದನ್ನು ತೋರಿಸುವುದೇ ಆ ಪಟ್ಟಿಯ ಉದ್ದೇಶವಾಗಿತ್ತು.

ಒಡಕು ಎಲ್ಲಿದೆ ಎಂದು ನೋಡಲು ಸಮೀಕ್ಷೆಗಳು ನೆರವಾಗುತ್ತವೆ. ಅಮೆರಿಕದ ವಿಜ್ಞಾನ ಪ್ರಗತಿ ಸಂಘದ ಸದಸ್ಯರನ್ನು ಪ್ಯೂ ಸಂಶೋಧನಾ ಕೇಂದ್ರ 2014ರಲ್ಲಿ ಕೇಳಿದಾಗ, ಮನುಷ್ಯ ಕಾಲಾಂತರದಲ್ಲಿ ವಿಕಾಸ ಹೊಂದಿ ಬಂದವನು ಎಂದವರು ಶೇ 98. ಸಾರ್ವಜನಿಕರಲ್ಲಿ ಹಾಗೆ ಹೇಳಿದವರು ಶೇ 65. ದೇವರು ಮನುಷ್ಯನನ್ನು ಕಳೆದ ಹತ್ತು ಸಾವಿರ ವರ್ಷಗಳ ಒಳಗೆ ಈಗಿರುವ ರೂಪದಲ್ಲೇ ಸೃಷ್ಟಿಸಿದ ಎಂದು ಗ್ಯಾಲಪ್ ಸಮೀಕ್ಷೆಗೆ ಉತ್ತರಿಸಿದವರು 1982ರಲ್ಲಿ ಶೇ 44, 2024ರಲ್ಲಿ ಶೇ 37. ಅಂದರೆ ಒಡಕು ಇರುವುದು ಅಮೆರಿಕದ ಸಮಾಜದಲ್ಲಿ, ಅಲ್ಲಿನ ಪ್ರಯೋಗಾಲಯಗಳಲ್ಲಿ ಅಲ್ಲ.

ವಿಜ್ಞಾನಿಗಳ ನಡುವೆ ವಾದವೇ ಇಲ್ಲವೆಂದು ಇದರ ಅರ್ಥವಲ್ಲ. ಜೀನುಗಳ ಮಟ್ಟದಲ್ಲಿ ಉಳಿದುಕೊಳ್ಳುವ ಬದಲಾವಣೆಗಳಲ್ಲಿ ಹೆಚ್ಚಿನವು ಜೀವಿಗೆ ಲಾಭವನ್ನೂ ತಾರದ ನಷ್ಟವನ್ನೂ ಮಾಡದ ಬದಲಾವಣೆಗಳು ಎಂದು ಜಪಾನಿನ ಮೊಟೂ ಕಿಮುರ 1968ರಲ್ಲಿ ಮಂಡಿಸಿದಾಗ ದೊಡ್ಡ ಚರ್ಚೆಯೇ ನಡೆಯಿತು. ಪ್ರಭೇದಗಳು ಬಹುಕಾಲ ಹೆಚ್ಚು ಬದಲಾಗದೆ ಉಳಿದು, ಭೂವಿಜ್ಞಾನದ ಲೆಕ್ಕದಲ್ಲಿ ಅಲ್ಪಾವಧಿ ಎನಿಸುವ ಕಾಲದಲ್ಲಿ ಕವಲೊಡೆಯುತ್ತವೆ ಎಂದು ಗೂಲ್ಡ್ ಮತ್ತು ನೈಲ್ಸ್ ಎಲ್ಡ್ರಿಜ್ 1972ರಲ್ಲಿ ವಾದಿಸಿದರು. ಗೂಲ್ಡ್ ಅವರ ಈ ಮಾತುಗಳನ್ನೇ ಸೃಷ್ಟಿವಾದಿಗಳು ವಿಕಾಸವಾದದ ಸೋಲಿನ ಒಪ್ಪಿಗೆ ಎಂಬಂತೆ ಉದ್ಧರಿಸತೊಡಗಿದರು. ಆದರೆ 1981ರ ಡಿಸೆಂಬರಿನಲ್ಲಿ ಅರ್ಕಾನ್ಸಾ ರಾಜ್ಯದ ಸೃಷ್ಟಿವಾದ ಬೋಧನೆಯ ಕಾನೂನು ನ್ಯಾಯಾಲಯದ ಮುಂದೆ ಬಂದಾಗ, ಅದರ ವಿರುದ್ಧ ಸಾಕ್ಷಿ ನುಡಿದವರಲ್ಲಿ ಇದೇ ಗೂಲ್ಡ್ ಒಬ್ಬರು. ವಿಕಾಸ ಹೇಗೆ, ಯಾವ ವೇಗದಲ್ಲಿ ನಡೆಯಿತು ಎಂಬುದು ಅವರೆಲ್ಲರ ವಾದದ ವಿಷಯ; ನಡೆಯಿತೇ ಇಲ್ಲವೇ ಎಂಬುದಲ್ಲ.

ಭೂಮಿಯ ವಯಸ್ಸಿನ ವಿಷಯದಲ್ಲಿ ಅಷ್ಟು ಚರ್ಚೆಯೂ ಇಲ್ಲ. ಯುರೇನಿಯಂ ಗೊತ್ತಾದ ವೇಗದಲ್ಲಿ ಕ್ಷಯಿಸಿ ಸೀಸವಾಗುತ್ತದೆ. ಉಲ್ಕಾಶಿಲೆಗಳಲ್ಲಿರುವ ಸೀಸದ ಐಸೊಟೋಪುಗಳನ್ನು (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳನ್ನು) ಅಳೆದು, ಭೂಮಿಗೆ ಸುಮಾರು 455 ಕೋಟಿ ವರ್ಷ ಎಂದು ಕ್ಲೇರ್ ಪ್ಯಾಟರ್ಸನ್ 1956ರಲ್ಲಿ ಪ್ರಕಟಿಸಿದರು. ಆಮೇಲಿನ ಅಳತೆಗಳೂ ಅದರ ಆಸುಪಾಸಿನಲ್ಲೇ ನಿಂತಿವೆ. ಬೆಂಗಳೂರಿನ ಲಾಲ್‌ಬಾಗ್ ಬಂಡೆಯನ್ನು ಏರಿದವರು ಕಾಲಿಡುವ ಕಲ್ಲಿಗೇ ಸುಮಾರು 300 ಕೋಟಿ ವರ್ಷ.

ಎಳೆಯ ಭೂಮಿಯ ಪಕ್ಷದವರೂ ಇದನ್ನು ಪರೀಕ್ಷಿಸಿದ್ದಾರೆ. ನಿಮ್ಮ ಪ್ರಶ್ನೆಗೆ ಅದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿಲ್ಲ ಎಂದು ನನಗನಿಸುತ್ತದೆ. ಅಮೆರಿಕದ ಸೃಷ್ಟಿವಾದಿ ಸಂಸ್ಥೆಗಳು ಡಾಕ್ಟರೇಟ್ ಪಡೆದ ತಮ್ಮದೇ ತಜ್ಞರನ್ನು ಕೂಡಿಸಿ 1997ರಿಂದ 2005ರವರೆಗೆ ವಿಕಿರಣ ಕ್ಷಯದ ಬಗ್ಗೆ ಸಂಶೋಧನೆ ನಡೆಸಿದವು. ಇಂದಿನ ವೇಗದ ಲೆಕ್ಕದಲ್ಲಿ 50 ಕೋಟಿ ವರ್ಷಗಳಿಗೂ ಮಿಗಿಲಾದ ಕ್ಷಯ ಬಂಡೆಗಳಲ್ಲಿ ನಡೆದಿರುವುದು ನಿಜ ಎಂದು ಆ ತಂಡ ಒಪ್ಪಿಕೊಂಡಿತು. ಅದನ್ನು ಕೆಲವು ಸಾವಿರ ವರ್ಷಗಳೊಳಗೆ ಹೊಂದಿಸಲು, ಸೃಷ್ಟಿಯ ಸಮಯದಲ್ಲಿ ಮತ್ತು ಬೈಬಲಿನ ನೋಹನ ಜಲಪ್ರಳಯದ ಸಮಯದಲ್ಲಿ ಕ್ಷಯದ ವೇಗ ಅಗಾಧವಾಗಿ ಹೆಚ್ಚಿತ್ತು ಎಂದು ಊಹಿಸಿತು. ಅಷ್ಟು ಕ್ಷಯ ಅಷ್ಟು ಬೇಗ ನಡೆದರೆ ಹುಟ್ಟುವ ಶಾಖಕ್ಕೆ ಭೂಮಿಯ ಬಂಡೆಗಳೇ ಕರಗಿಹೋಗಬೇಕು. ಆ ಶಾಖ ಎಲ್ಲಿ ಹೋಯಿತು ಎಂಬ ಸಮಸ್ಯೆ ಬಗೆಹರಿದಿಲ್ಲ ಎಂಬುದನ್ನೂ ಅವರು ಪ್ರಾಮಾಣಿಕವಾಗಿ ಬರೆದರು. ಗೂಲ್ಡ್ ಅವರ ಮಾರ್ಗದರ್ಶನದಲ್ಲೇ ಹಾರ್ವರ್ಡ್‌ನಲ್ಲಿ ಪಿಎಚ್‌.ಡಿ. ಮಾಡಿದ ಕರ್ಟ್ ವೈಸ್ ಎಂಬ ಸೃಷ್ಟಿವಾದಿ, ವಿಶ್ವದ ಎಲ್ಲ ಸಾಕ್ಷ್ಯ ಸೃಷ್ಟಿವಾದಕ್ಕೆ ವಿರುದ್ಧವಾದರೂ ತಾವು ಸೃಷ್ಟಿವಾದಿಯಾಗಿಯೇ ಉಳಿಯುವುದಾಗಿ, ದೇವರ ವಾಕ್ಯ ಹಾಗೆ ಹೇಳುವಂತೆ ತಮಗೆ ತೋರುವುದೇ ಕಾರಣವೆಂದು ನೇರವಾಗಿ ಬರೆದಿದ್ದಾರೆ. ಅವರ ನಂಬಿಕೆಯನ್ನು ನಾನು ಗೌರವಿಸುತ್ತೇನೆ. ಆದರೆ ಸಾಕ್ಷ್ಯದಿಂದ ಬದಲಾಗದ ನಿಲುವನ್ನು ವಿಜ್ಞಾನದ ಒಳಗಿನ ಭಿನ್ನಾಭಿಪ್ರಾಯವೆಂದು ಎಣಿಸಲಾಗದು.

ದೇವರಲ್ಲಿ ನಂಬಿಕೆಯುಳ್ಳ ವಿಜ್ಞಾನಿಗಳೆಲ್ಲ ಸೃಷ್ಟಿವಾದದ ಕಡೆ ಇದ್ದಾರೆ ಎಂದೂ ತಿಳಿಯಬಾರದು. ಮಾನವ ಜೀನೋಮ್ ಯೋಜನೆಯನ್ನು ಮುನ್ನಡೆಸಿದ ಫ್ರಾನ್ಸಿಸ್ ಕಾಲಿನ್ಸ್ ಶ್ರದ್ಧಾವಂತ ಕ್ರೈಸ್ತರು, ವಿಕಾಸವಾದದ ದೃಢ ಸಮರ್ಥಕರು. ಕ್ಯಾಥೊಲಿಕ್ ಜೀವಕೋಶ ವಿಜ್ಞಾನಿ ಕೆನೆತ್ ಮಿಲ್ಲರ್ 2005ರಲ್ಲಿ ಬುದ್ಧಿವಂತ ವಿನ್ಯಾಸಕನ ವಾದವನ್ನು ಶಾಲೆಗೆ ತಂದುದರ ವಿರುದ್ಧ ಪೆನ್ಸಿಲ್ವೇನಿಯದ ಡೋವರ್ ಊರಿನ ಪೋಷಕರು ಹೂಡಿದ ಮೊಕದ್ದಮೆಯಲ್ಲಿ ಅವರ ಪರ ಸಾಕ್ಷಿ ಹೇಳಿದರು. ಅಲ್ಲಿ ಅವರು ವಿವರಿಸಿದ್ದು ಹೀಗೆ. ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್‌ಗಳಿಗೆ 24 ಜೊತೆ ವರ್ಣತಂತುಗಳಿದ್ದರೆ ಮನುಷ್ಯನಿಗೆ 23. ಪೂರ್ವಜರು ಒಬ್ಬರೇ ಆಗಿದ್ದರೆ ಇಡೀ ಒಂದು ಜೊತೆ ಕಳೆದುಹೋಗಿ ಜೀವಿ ಬದುಕುವುದು ಸಾಧ್ಯವಿಲ್ಲ. ಎರಡು ವರ್ಣತಂತುಗಳು ಕೂಡಿಕೊಂಡು ಒಂದಾಗಿರಬೇಕು, ಆ ಬೆಸುಗೆಯ ಗುರುತೂ ಇರಬೇಕು. ಅದು ನಮ್ಮ ಎರಡನೆಯ ವರ್ಣತಂತುವಿನಲ್ಲಿದೆ. ಸಾಮಾನ್ಯವಾಗಿ ತುದಿಗಳಲ್ಲಿ ಮಾತ್ರ ಕಾಣಬೇಕಾದ ಡಿಎನ್‌ಎ ಸರಣಿ ಅದರ ಒಳಭಾಗದಲ್ಲಿ ಎದುರುಬದುರಾಗಿ ಸೇರಿಕೊಂಡಿದೆ; ಒಂದೇ ಇರಬೇಕಾದ ಸೆಂಟ್ರೊಮಿಯರಿನ (ಕೋಶ ಇಬ್ಭಾಗವಾಗುವಾಗ ವರ್ಣತಂತುವನ್ನು ಹಿಡಿದೆಳೆಯುವ ತಾಣದ) ಜೊತೆಗೆ ನಿಷ್ಕ್ರಿಯವಾದ ಇನ್ನೊಂದರ ಕುರುಹೂ ಉಳಿದಿದೆ. 

ಇನ್ನು ಶಾಲೆಯ ಮಾತು. ಎರಡನ್ನೂ ಸಮನಾಗಿ ಕಲಿಸಬೇಕೆಂಬ ಲೂಸಿಯಾನದ ಕಾನೂನನ್ನು ಅಮೆರಿಕದ ಸುಪ್ರೀಂ ಕೋರ್ಟ್ 1987ರಲ್ಲಿ 7–2ರ ಬಹುಮತದಿಂದ ರದ್ದುಪಡಿಸಿತು. ಆ ಕಾನೂನನ್ನು ವಿರೋಧಿಸಿ 72 ನೊಬೆಲ್ ಪುರಸ್ಕೃತ ವಿಜ್ಞಾನಿಗಳು ಕೋರ್ಟಿಗೆ ಲಿಖಿತ ಹೇಳಿಕೆ ಸಲ್ಲಿಸಿದ್ದರು. ಡೋವರ್ ಮೊಕದ್ದಮೆಯಲ್ಲೂ ನ್ಯಾಯಾಧೀಶ ಜಾನ್ ಜೋನ್ಸ್, ಜೀವಜಗತ್ತನ್ನು ಒಬ್ಬ ಬುದ್ಧಿವಂತ ವಿನ್ಯಾಸಕ ರೂಪಿಸಿದ್ದಾನೆ ಎಂಬ ವಾದ ವಿಜ್ಞಾನವಲ್ಲವೆಂದು 139 ಪುಟಗಳ ತೀರ್ಪು ನೀಡಿದರು. ಸೃಷ್ಟಿಯ ಕಥೆಗಳನ್ನು ಧರ್ಮ, ಸಾಹಿತ್ಯ, ಚರಿತ್ರೆಯ ತರಗತಿಯಲ್ಲಿ ಕಲಿಸುವುದಕ್ಕೆ ಯಾವ ವಿಜ್ಞಾನಿಯ ಅಡ್ಡಿಯೂ ಇರಬೇಕಿಲ್ಲ. ವಿಜ್ಞಾನದ ತರಗತಿಯಲ್ಲಿ ಅವನ್ನು ವಿಕಾಸವಾದದ ಪಕ್ಕದಲ್ಲಿಟ್ಟರೆ, ಎರಡಕ್ಕೂ ಸಮಾನ ಸಾಕ್ಷ್ಯವಿದೆ ಎಂಬ ಸುಳ್ಳನ್ನು ಮಕ್ಕಳಿಗೆ ಹೇಳಿದಂತಾಗುತ್ತದೆ.

ನಮ್ಮಲ್ಲೂ 2018ರ ಜನವರಿಯಲ್ಲಿ ಕೇಂದ್ರದ ರಾಜ್ಯ ಸಚಿವರೊಬ್ಬರು ಡಾರ್ವಿನ್ ಸಿದ್ಧಾಂತ ತಪ್ಪು, ಅದನ್ನು ಪಠ್ಯದಿಂದ ಕೈಬಿಡಬೇಕು ಎಂದಾಗ, ಬೆಂಗಳೂರಿನಲ್ಲಿರುವ ಭಾರತೀಯ ವಿಜ್ಞಾನ ಅಕಾಡೆಮಿಯೂ ಸೇರಿ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಜಂಟಿಯಾಗಿ ಅದನ್ನು ಅಲ್ಲಗಳೆದವು. ಎನ್‌ಸಿಇಆರ್‌ಟಿ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಿಂದ ವಿಕಾಸದ ಪಾಠವನ್ನು ಕೈಬಿಟ್ಟಿದ್ದನ್ನು ಆಕ್ಷೇಪಿಸಿ 2023ರಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳು ಮತ್ತು ಶಿಕ್ಷಕರು ಬಹಿರಂಗ ಪತ್ರಕ್ಕೆ ಸಹಿ ಹಾಕಿದರು. ಹತ್ತನೆಯ ತರಗತಿಯ ನಂತರ ಜೀವವಿಜ್ಞಾನ ಓದದ ಮಕ್ಕಳಿಗೆ ಈ ವಿಷಯ ಮುಂದೆ ಯಾವ ತರಗತಿಯಲ್ಲೂ ಸಿಗುವುದಿಲ್ಲ ಎಂಬುದು ಆ ಪತ್ರದ ಕಾಳಜಿಯಾಗಿತ್ತು.