ಎರಡು ಸೆಕೆಂಡ್ ಕಾದರೆ ಸಾಕಲ್ವಾ?

ಪ್ರಶ್ನೆ: ಕಸಾಂಡ್ರಾದಲ್ಲಿ (ಒಂದೇ ಮಾಹಿತಿಯನ್ನು ಹಲವು ಮೆಷೀನುಗಳಲ್ಲಿ ಇಡುವ ಡೇಟಾಬೇಸ್) ಪ್ರೊಫೈಲ್ ಫೋಟೋ ಬದಲಿಸಿ ರಿಫ್ರೆಶ್ ಮಾಡಿದರೆ ಒಮ್ಮೊಮ್ಮೆ ಹಳೆಯದೇ ಬರುತ್ತಿತ್ತು. ಕೋಡಿನಲ್ಲಿ ಎರಡು ಸೆಕೆಂಡ್ ಸ್ಲೀಪ್, ಅಂದರೆ ಸುಮ್ಮನೆ ಕಾಯುವ ಆಜ್ಞೆ, ಹಾಕಿದೆ, ಸರಿಹೋಯಿತು. ಎವೆಂಚುವಲ್ ಕನ್ಸಿಸ್ಟೆನ್ಸಿ ಅಂದರೆ ಇಷ್ಟೇ ಅಲ್ವಾ?

ಅಲ್ಲ. ಈ ಎರಡು ಸೆಕೆಂಡ್ ಎಲ್ಲಿಂದ ಹುಟ್ಟಿತೋ, ಪ್ರತಿ ಸಲ ಯಾರಾದರೊಬ್ಬರು ಹೊತ್ತು ತರುತ್ತಾರೆ. ಕೆಲವರು ಐದು ಹಾಕಿ, "ಸೇಫ್ ಇರಲಿ ಅಂತ" ಎನ್ನುತ್ತಾರೆ.

ಎವೆಂಚುವಲ್ ಕನ್ಸಿಸ್ಟೆನ್ಸಿ ಕೊಡುವ ಭರವಸೆ ಒಂದೇ: ಹೊಸ ಬರಹ ನಿಂತರೆ, ಎಲ್ಲ ರೆಪ್ಲಿಕಾಗಳೂ (ಒಂದೇ ಮಾಹಿತಿಯ ನಕಲು ಇಟ್ಟುಕೊಂಡ ಮೆಷೀನುಗಳು) ಕೊನೆಗೆ ಒಂದೇ ಉತ್ತರ ಹೇಳುತ್ತವೆ. ಯಾವಾಗ? ಅದನ್ನು ಹೇಳಿಯೇ ಇಲ್ಲ. ಎಲ್ಲ ನೆಟ್ಟಗಿದ್ದಾಗ ಕಣ್ಣು ಮಿಟುಕಿಸುವಷ್ಟರಲ್ಲಿ ಆಗಿಬಿಡುತ್ತದೆ, ಅದಕ್ಕೇ ಈ ನಂಬಿಕೆ ಸಾಯುವುದಿಲ್ಲ.

ಮೂರು ರೆಪ್ಲಿಕಾಗಳಲ್ಲಿ ಒಂದು ಮಲಗಿತು ಅನ್ನಿ. ಅದಕ್ಕೆ ಸೇರಬೇಕಾದ ಬರಹವನ್ನು ಇನ್ನೊಂದು ನೋಡ್ (ಗುಂಪಿನ ಒಂದು ಮೆಷೀನು) 'ಹಿಂಟ್' ಅಂತ ಎತ್ತಿಟ್ಟುಕೊಳ್ಳುತ್ತದೆ, ಪಕ್ಕದ ಮನೆಯವರು ನಮ್ಮ ಕೊರಿಯರ್ ಇಸಿದುಕೊಂಡ ಹಾಗೆ. ಆದರೆ ಡೀಫಾಲ್ಟ್ ಗಡುವು 3 ಗಂಟೆ. ಅದು ದಾಟಿದರೆ ಹೊಸ ಹಿಂಟ್ ಬರೆಯುವುದಿಲ್ಲ. ಆಮೇಲೆ ನೀವು ಬದಲಿಸಿದ ಫೋಟೋ ಆ ನೋಡಿಗೆ ಗೊತ್ತೇ ಇಲ್ಲ. ನಾಳೆ ಎದ್ದು ಹಳೆಯದನ್ನೇ ಧೈರ್ಯವಾಗಿ ತೋರಿಸಬಹುದು, ಯಾರಾದರೂ ರಿಪೇರ್, ಅಂದರೆ ನಕಲುಗಳನ್ನು ಹೋಲಿಸಿ ಸರಿಪಡಿಸುವ ಕೆಲಸ, ಓಡಿಸುವವರೆಗೆ. ನಿಮ್ಮ ಎರಡು ಸೆಕೆಂಡ್ ಇಲ್ಲಿ ಏನು ಮಾಡುತ್ತದೆ? ಬಳಕೆದಾರರನ್ನು ಸುಮ್ನೆ ಕಾಯಿಸುತ್ತದೆ.

ಮದ್ದು ಲೆಕ್ಕದಲ್ಲಿದೆ. ಮೂರರಲ್ಲಿ ಎರಡು ಕಡೆ ಬರೆದು, ಎರಡು ಕಡೆ ಓದಿ. ಎರಡು ಗುಂಪಿಗೂ ಸೇರಿದ ನೋಡ್ ಒಂದಾದರೂ ಇರಲೇಬೇಕು, ಹೊಸದು ಅದರ ಬಳಿ ಇರುತ್ತದೆ. ಕಸಾಂಡ್ರಾದಲ್ಲಿ ಇದೇ ಕೋರಂ. ಪುಕ್ಕಟೆಯಲ್ಲ: ಓದುವಾಗಲೂ ಎರಡು ನೋಡ್‌ಗಳಿಗೆ ಕೆಲಸ. ಅಮೆಜಾನ್‌ನ ಡೇಟಾಬೇಸ್ ಸೇವೆ ಡೈನಮೋಡಿಬಿಯಲ್ಲಂತೂ ಎವೆಂಚುವಲ್ ರೀಡ್‌ಗೆ (ಹಳೆಯದು ಬರಬಹುದಾದ ಓದು) ಸ್ಟ್ರಾಂಗ್ ರೀಡ್‌ನ (ಹೊಸದನ್ನೇ ಕೊಡುವ ಓದು) ಅರ್ಧ ಖರ್ಚು. ಲೈಕ್ ಎಣಿಸಲು ಅಗ್ಗದ್ದೇ ಸಾಕು. ಈಗಷ್ಟೇ ತಾನೇ ಬದಲಿಸಿದ್ದನ್ನು ನೋಡಲು ಬಂದವರಿಗೆ ಕೋರಂ ಕೊಡಿ.

ನೀವು ಕೇಳದ ಪ್ರಶ್ನೆ ಇನ್ನೊಂದಿದೆ, ನನಗೆ ಅದೇ ಜಾಸ್ತಿ ಇಷ್ಟ. ಎಲ್ಲ ಒಂದೇ ಉತ್ತರ ಹೇಳಿದವು, ಸರಿ. ಆ ಉತ್ತರ ಸರಿಯಾದದ್ದೇ? ಕಸಾಂಡ್ರಾ ದೊಡ್ಡ ಟೈಮ್‌ಸ್ಟ್ಯಾಂಪ್ (ಬರೆದ ಹೊತ್ತಿನ ಗುರುತು) ಇರುವುದನ್ನು ಗೆಲ್ಲಿಸುತ್ತದೆ. ಒಂದು ಮೆಷೀನಿನ ಗಡಿಯಾರ ಐದು ಸೆಕೆಂಡ್ ಮುಂದಿದ್ದರೆ, ಅದು ಮೊದಲು ಬರೆದದ್ದು ಬೇರೆ ಕಡೆ ಆಮೇಲೆ ಬರೆದದ್ದನ್ನು ಸದ್ದಿಲ್ಲದೆ ನುಂಗುತ್ತದೆ. ಅಮೆಜಾನ್ ತನ್ನ ಒಳಬಳಕೆಗೆ ಕಟ್ಟಿದ್ದ ಹಳೆಯ ಡೇಟಾ ವ್ಯವಸ್ಥೆ ಡೈನಮೋ ಬೇರೆ ದಾರಿ ಹಿಡಿದಿತ್ತು: ಶಾಪಿಂಗ್ ಕಾರ್ಟ್‌ನ ಒಂದಕ್ಕೊಂದು ಹೊಂದದ ಎರಡೂ ನಕಲು ಇಟ್ಟುಕೊಂಡು ಕೂಡಿಸುವುದು. ಹಾಕಿದ್ದು ಕಳೆಯುವುದಿಲ್ಲ. ಆದರೆ ತೆಗೆದುಹಾಕಿದ್ದು ಮತ್ತೆ ಬಂದು ಕೂರಬಹುದು. ಇದನ್ನು ಅವರೇ 2007ರ ಪ್ರಬಂಧದಲ್ಲಿ ಬರೆದಿದ್ದಾರೆ.